ಗಾಡಿಗೆ ಇನ್ನೊಂದು ಗೇರ್ ಬೇಕೇ?



ನಿಮ್ಮ ಊರಿನಲ್ಲಿ ಪಿಕಪ್ ಗಾಡಿಗಳಿವೆ. ಕೆಲವು ಗಾಡಿ ಕಾಯಿಪಲ್ಲೆ ಹೇರುತ್ತವೆ. ಕೆಲವು ಹಾಲಿನ ಕ್ಯಾನು ಹೇರುತ್ತವೆ. ಕೆಲವು ಗಾಡಿ ಹೆಂಗಸರ ಹೆಸರಿನಲ್ಲಿವೆ. ಸಾಲಕ್ಕೆ ಸಹಿ ಮಾಡಿದವರು ಅವರು. ಕಂತು ಕಟ್ಟುವವರೂ ಅವರೇ. ಆದರೆ ಗಾಡಿಗೆ ಏನು ಹಾಕಬೇಕು, ಏನು ಬೇಡ ಎಂಬ ಮಾತು ಬಂದಾಗ ಅವರನ್ನು ಯಾರೂ ಕೇಳುವುದಿಲ್ಲ. "ನಿಮಗದು ತಿಳಿಯೂದಿಲ್ಲ" ಎಂದು ಹೇಳಿಬಿಡುತ್ತಾರೆ.

ತಿಳಿಯುತ್ತದೆ. ಈ ಪಾಠ ಓದಿರಿ.

1. ಮನೆಯ ಮಾತು

ನಿಪ್ಪಾಣಿ ಹತ್ತಿರದ ಒಂದು ಹಳ್ಳಿ. ಅಲ್ಲಿಯ ಒಂದು ಮನೆಯಲ್ಲಿ ಹಳೆಯ ಡೀಸೆಲ್ ಪಿಕಪ್ ಇದೆ ಎಂದು ತಿಳಿಯೋಣ. ಅದಕ್ಕೆ ಮುಂದೆ ಹೋಗಲು 4 ಗೇರ್. ಗಾಡಿ ತಾಯಿಯ ಹೆಸರಿನಲ್ಲಿದೆ. ಮಗ ಓಡಿಸುತ್ತಾನೆ. ಸೊಸೆ ಸಾಕ್ಷರತಾ ಕೇಂದ್ರಕ್ಕೆ ಹೋಗುತ್ತಾಳೆ.

ಮಗ: ಅವ್ವಾ, ಗಾಡಿಗೆ ಒಂದು ಜಾಸ್ತಿ ಗೇರ್ ಕೂಡ್ರಸೋಣು. ಓವರ್‌ಡ್ರೈವ್ ಅಂತಾರ ಅದಕ.

ತಾಯಿ: ಯಾಕಪಾ? ಇದ್ದ ಗೇರ್ ಸಾಲವಲ್ಲವೇನು?

ಮಗ: ಡೀಸೆಲ್ ಉಳಿತೈತಿ ಬೇ. ನೂರಕ್ಕ ಇಪ್ಪತ್ತು ಉಳಿತೈತಿ ಅಂತ ಮಿಸ್ತ್ರಿ ಹೇಳ್ಯಾನ.

ತಾಯಿ: ಖರ್ಚು ಎಷ್ಟು?

ಮಗ: ನಲವತ್ತೈದು ಸಾವಿರ. ಒಂದು ವರ್ಷದಾಗ ರೊಕ್ಕ ತಿರುಗಿ ಬರತೈತಿ.

ಸೊಸೆ: ಅತ್ತಿ, ಹೂಂ ಅನ್ನೂಕಿಂತ ಮೊದಲ ಲೆಕ್ಕ ಹಾಕೋಣ್ರಿ. ಅದು ಏನು ಅನ್ನೂದನ್ನ ಮೊದಲ ತಿಳ್ಕೊಳ್ಳೋಣು.

ಸೊಸೆ ಹೇಳಿದ್ದು ಸರಿ. ನಾವೂ ಹಾಗೆಯೇ ಮಾಡೋಣ.

2. ಗೇರ್ ಅಂದರೇನು?

ತಲೆಯ ಮೇಲೆ ಹುಲ್ಲಿನ ಹೊರೆ ಇದೆ. ನೀವು ಏರು ಹತ್ತುತ್ತೀರಿ. ಆಗ ಸಣ್ಣ ಸಣ್ಣ ಹೆಜ್ಜೆ ಹಾಕುತ್ತೀರಿ. ಹೆಜ್ಜೆ ಹೆಚ್ಚು, ವೇಗ ಕಡಿಮೆ. ಹೊರೆ ಇಳಿಸಿ ಸಪಾಟು ದಾರಿಯಲ್ಲಿ ಬರುವಾಗ ದೊಡ್ಡ ಹೆಜ್ಜೆ ಹಾಕುತ್ತೀರಿ. ಹೆಜ್ಜೆ ಕಡಿಮೆ, ವೇಗ ಹೆಚ್ಚು.

ಇಂಜಿನ್ ಕೂಡ ಹೀಗೆಯೇ. 1ನೇ ಗೇರ್ ಅಂದರೆ ಸಣ್ಣ ಹೆಜ್ಜೆ. ಇಂಜಿನ್ ಬಹಳ ಸುತ್ತು ತಿರುಗುತ್ತದೆ, ಗಾಲಿ ಕಡಿಮೆ ತಿರುಗುತ್ತದೆ. ಎಳೆಯುವ ಶಕ್ತಿ ಹೆಚ್ಚು. 4ನೇ ಗೇರ್ ಅಂದರೆ ದೊಡ್ಡ ಹೆಜ್ಜೆ. ವೇಗ ಹೆಚ್ಚು, ಎಳೆಯುವ ಶಕ್ತಿ ಕಡಿಮೆ.

ಹೊಲಿಗೆ ಯಂತ್ರ ನೋಡಿರಿ. ಕೆಳಗೆ ದೊಡ್ಡ ಚಕ್ರ, ಮೇಲೆ ಸಣ್ಣ ಚಕ್ರ. ನಡುವೆ ಪಟ್ಟಿ. ಕಾಲಿನಿಂದ ದೊಡ್ಡ ಚಕ್ರ ಒಂದು ಸುತ್ತು ತಿರುಗಿಸಿದರೆ ಸಣ್ಣ ಚಕ್ರ ಎಷ್ಟೋ ಸುತ್ತು ತಿರುಗುತ್ತದೆ. ನಿಮ್ಮ ಕಾಲು ನಿಧಾನ, ಸೂಜಿ ಜೋರು.

ಮನೆಯ ಸೈಕಲ್ ನೋಡಿರಿ. ಪೆಡಲ್ ಹತ್ತಿರದ ಚಕ್ರಕ್ಕೆ 48 ಹಲ್ಲು ಇವೆ, ಹಿಂದಿನ ಚಕ್ರಕ್ಕೆ 16 ಹಲ್ಲು ಇವೆ ಎಂದುಕೊಳ್ಳಿ.

48 ÷ 16 = 3

ಪೆಡಲ್ ಒಂದು ಸುತ್ತು ಸುತ್ತಿದರೆ ಗಾಲಿ ಮೂರು ಸುತ್ತು ಸುತ್ತುತ್ತದೆ. ನಿಮ್ಮ ಸೈಕಲ್ಲಿನ ಹಲ್ಲು ನೀವೇ ಎಣಿಸಿರಿ. ಗೇರಿನ ಲೆಕ್ಕವೆಲ್ಲ ಇಷ್ಟೇ. ಹಲ್ಲು ಎಣಿಸುವುದು, ಭಾಗಿಸುವುದು.

3. ಓವರ್‌ಡ್ರೈವ್ ಅಂದರೇನು?

ಹಳೆಯ ನಾಲ್ಕು ಗೇರಿನ ಗಾಡಿಗಳಲ್ಲಿ ಸಾಮಾನ್ಯವಾಗಿ 4ನೇ ಗೇರಿನಲ್ಲಿ ಇಂಜಿನ್ 1 ಸುತ್ತು ತಿರುಗಿದರೆ ಗೇರ್ ಪೆಟ್ಟಿಗೆಯ ಹಿಂದಿನ ತುದಿಯೂ 1 ಸುತ್ತು ತಿರುಗುತ್ತದೆ. ಸರಿಸಮ. ಓವರ್‌ಡ್ರೈವ್ ಇದಕ್ಕಿಂತ ದೊಡ್ಡ ಹೆಜ್ಜೆ. ಇಂಜಿನ್ 4 ಸುತ್ತು ತಿರುಗಿದರೆ ಹಿಂದಿನ ತುದಿ 5 ಸುತ್ತು ತಿರುಗುತ್ತದೆ ಎಂದು ತಿಳಿಯಿರಿ. ಗಾಡಿಯ ವೇಗ ಅಷ್ಟೇ ಇರುತ್ತದೆ. ಇಂಜಿನ್ ಮಾತ್ರ ನಿಧಾನವಾಗಿ ತಿರುಗುತ್ತದೆ. ಮೊದಲು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಈಗ 2400 ಸುತ್ತು. ಸದ್ದು ಕಡಿಮೆ. ಸವೆತ ಕಡಿಮೆ.

ಆ ಪೆಟ್ಟಿಗೆಯ ಒಳಗೆ ಏನಿದೆ? ನಡುವೆ ಒಂದು ಹಲ್ಲಿನ ಚಕ್ರ. ಅದಕ್ಕೆ ಸೂರ್ಯ ಗೇರ್ ಎನ್ನುತ್ತಾರೆ. ಅದರ ಸುತ್ತ ಸಣ್ಣ ಚಕ್ರಗಳು. ಅವು ಗ್ರಹ ಗೇರುಗಳು. ಅವೆಲ್ಲವನ್ನೂ ಸುತ್ತುವರಿದು ಬಳೆಯಂಥ ಒಂದು ದೊಡ್ಡ ಗೇರ್. ಅದರ ಹಲ್ಲು ಒಳಮುಖವಾಗಿ ಇರುತ್ತವೆ. ಸೂರ್ಯನನ್ನು ಹಿಡಿದು ನಿಲ್ಲಿಸಿ ಗ್ರಹಗಳನ್ನು ಸುತ್ತ ತಿರುಗಿಸಿದರೆ ಹೊರಗಿನ ಬಳೆ ಇನ್ನೂ ಜೋರಾಗಿ ತಿರುಗುತ್ತದೆ. ಸೂರ್ಯನಿಗೆ 20 ಹಲ್ಲು, ಬಳೆಗೆ 80 ಹಲ್ಲು ಇದ್ದರೆ, ಗ್ರಹಗಳು 4 ಸುತ್ತು ಬಂದಾಗ ಬಳೆ 5 ಸುತ್ತು ಬರುತ್ತದೆ.

ನಮ್ಮ ಟ್ರ್ಯಾಕ್ಟರಿನಲ್ಲಿಯೂ ಜೋಡಿ ಗೇರ್ ಇವೆ. ಕಬ್ಬು ಹೇರುವ ಟ್ರ್ಯಾಕ್ಟರ್ ಹತ್ತಿರ ಹೋಗಿ ನೋಡಿರಿ. ಬಹಳಷ್ಟು ಟ್ರ್ಯಾಕ್ಟರಿಗೆ ಎರಡು ಗೇರ್ ಹಿಡಿಕೆ ಇರುತ್ತವೆ. ಒಂದರಲ್ಲಿ 4 ಗೇರ್. ಇನ್ನೊಂದರಲ್ಲಿ ಹೈ ಮತ್ತು ಲೋ, ಅಂದರೆ 2.

4 × 2 = 8

ಅದಕ್ಕೇ "8 ಗೇರಿನ ಟ್ರ್ಯಾಕ್ಟರ್" ಎನ್ನುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ಟ್ರ್ಯಾಕ್ಟರಿಗೆ ಈ ಎರಡನೆಯ ಗೇರನ್ನು ಕಾರ್ಖಾನೆಯವರೇ ಕೂಡಿಸಿರುತ್ತಾರೆ. ಪಿಕಪ್ಪಿಗೆ ಹೊರಗಿನಿಂದ ಕೂಡಿಸಬೇಕು.

ಕಾರುಗಳ ಓವರ್‌ಡ್ರೈವ್ ಇಂಗ್ಲೆಂಡ್, ಅಮೆರಿಕ ದೇಶಗಳಲ್ಲಿ ಬಹಳ ಹಿಂದೆಯೇ ಬಳಕೆಗೆ ಬಂತು. ಆಗ ಅಲ್ಲಿಯ ಬಹಳ ಗಾಡಿಗಳಿಗೆ 3 ಅಥವಾ 4 ಗೇರ್ ಮಾತ್ರ ಇದ್ದವು. ನಮ್ಮ ಹಳೆಯ ಜೀಪುಗಳಿಗೂ ಹಾಗೆಯೇ. ಜನ ಛೋಟಾ ಹಾಥಿ ಎಂದು ಕರೆಯುವ ಟಾಟಾ ಏಸ್ 2005ರಲ್ಲಿ ಬಂದಾಗ ಅದಕ್ಕೂ 4 ಗೇರ್. ಈಗ ಪಿಕಪ್‌ಗಳಿಗೆ 5 ಗೇರ್ ಇರುವುದೇ ಹೆಚ್ಚು. ಅಂಥ ಬಹುತೇಕ ಗಾಡಿಗಳಲ್ಲಿ 5ನೇ ಗೇರೇ ಓವರ್‌ಡ್ರೈವ್. ನಿಮ್ಮ ಗಾಡಿಗೆ 5 ಗೇರ್ ಇದ್ದರೆ ಓವರ್‌ಡ್ರೈವ್ ಆಗಲೇ ನಿಮ್ಮ ಹತ್ತಿರ ಇದೆ. ಮತ್ತೊಮ್ಮೆ ಕೊಳ್ಳುವ ಮುಂಚೆ ಇದನ್ನು ಕೇಳಿರಿ.

4. ಯಾವ ದಾರಿಗೆ ಇದು ಉಪಯೋಗ?

ದೊಡ್ಡ ಹೆಜ್ಜೆ ಸಪಾಟು ದಾರಿಗೆ, ಹಗುರ ಹೊರೆಗೆ. ಏರಿಗಲ್ಲ. ಕೆಸರಿಗಲ್ಲ. ತುಂಬಿದ ಗಾಡಿಗಲ್ಲ.

ನಮ್ಮ ದಾರಿಗಳನ್ನು ನೆನಪು ಮಾಡಿಕೊಳ್ಳಿ. ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿಯ ಮೇಲೆ ಹೋಗುತ್ತದೆ. ಅಲ್ಲಿ ಸಪಾಟು ದಾರಿ ಸಿಗುತ್ತದೆ. ಖಾಲಿ ಗಾಡಿ ಹೋಗುವಾಗ ಓವರ್‌ಡ್ರೈವ್ ಉಪಯೋಗ. ಅದೇ ಹೆದ್ದಾರಿಯಲ್ಲಿ ಸಂಕೇಶ್ವರದ ಕಡೆ ಹೊರಟರೆ ತವಂದಿ ಘಾಟ್ ಬರುತ್ತದೆ. ಅಲ್ಲಿ ತುಂಬಿದ ಗಾಡಿ ಕೆಳಗಿನ ಗೇರಿನಲ್ಲಿಯೇ ಹತ್ತಬೇಕು. ಅಥಣಿ, ಕಾಗವಾಡ ಕಡೆ ಎರೆಮಣ್ಣಿನ ಹೊಲದ ದಾರಿ. ಮಳೆ ಬಂದರೆ ಗಾಲಿ ಹೂತು ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿ, ರಾಯಬಾಗ, ಉಗಾರ ದಾರಿಗಳಲ್ಲಿ ಟ್ರ್ಯಾಕ್ಟರುಗಳ ಸಾಲು. ಅವುಗಳ ಹಿಂದೆ ಸಿಕ್ಕ ಪಿಕಪ್ 2ನೇ, 3ನೇ ಗೇರಿನಲ್ಲಿ ಹೋಗಬೇಕು. ಅಲ್ಲಿ ಓವರ್‌ಡ್ರೈವ್ ಸುಮ್ಮನೆ ಕೂತಿರುತ್ತದೆ.

ಇನ್ನೊಂದು ಮಾತು. ಸುತ್ತು ನೂರಕ್ಕೆ 20 ಕಡಿಮೆ ಆದರೆ ಡೀಸೆಲ್ ಕೂಡ ನೂರಕ್ಕೆ 20 ಉಳಿಯುತ್ತದೆಯೇ? ಇಲ್ಲ. ತುಂಬಿದ ಕೊಡ ಹೊತ್ತು ದೊಡ್ಡ ಹೆಜ್ಜೆ ಹಾಕಿದರೆ ಹೆಜ್ಜೆ ಕಡಿಮೆ ಆಗುತ್ತವೆ. ಕೊಡದ ಭಾರ ಕಡಿಮೆ ಆಗುವುದಿಲ್ಲ. ಗಾಡಿಯ ಭಾರ, ಎದುರು ಗಾಳಿ, ರಸ್ತೆ ಎಲ್ಲ ಅಷ್ಟೇ ಇವೆ. ಇಂಜಿನ್ ಒಳಗಿನ ತಿಕ್ಕಾಟ ಮಾತ್ರ ಕಡಿಮೆ ಆಗುತ್ತದೆ. ಹೊರೆ ಹೆಚ್ಚಾಗಿ ಇಂಜಿನ್ ಏದುಸಿರು ಬಿಟ್ಟರೆ, ಕರಿ ಹೊಗೆ ಬಂದರೆ, ಉಳಿತಾಯವೂ ಇಲ್ಲ.

5. ಕೂಡಿಸುವುದು ಹೇಗೆ?

ಈ ಕೆಲಸ ಬಲ್ಲ ಮಿಸ್ತ್ರಿಯೇ ಮಾಡಬೇಕು. ಆದರೆ ಹತ್ತಿರ ನಿಂತು ನೋಡಲು, ಕೇಳಲು ನಿಮಗೆ ಇಷ್ಟು ಗೊತ್ತಿರಲಿ.

ಒಂದು: ಗಾಡಿಯನ್ನು ಸಪಾಟು ನೆಲದ ಮೇಲೆ ನಿಲ್ಲಿಸಬೇಕು. ಗಾಲಿಗೆ ಅಡ್ಡ ಕಲ್ಲು ಇಡಬೇಕು. ಜಾಕ್ ಒಂದರ ಮೇಲೆಯೇ ಗಾಡಿ ನಿಲ್ಲಿಸಿ ಕೆಳಗೆ ಮಲಗಬಾರದು. ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಬ್ಯಾಟರಿಯ ವೈರ್ ಬಿಚ್ಚಬೇಕು.

ಎರಡು: ಗೇರ್ ಪೆಟ್ಟಿಗೆಯಿಂದ ಹಿಂದಿನ ಗಾಲಿಯ ಕಡೆ ಉದ್ದನೆಯ ಒಂದು ಕೊಳವೆ ಹೋಗುತ್ತದೆ. ಗಾಡಿ ಓಡುವಾಗ ಅದು ತಿರುಗುತ್ತದೆ. ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಅದನ್ನು ಬಿಚ್ಚಬೇಕು.

ಮೂರು: ಓವರ್‌ಡ್ರೈವ್ ಪೆಟ್ಟಿಗೆಯನ್ನು ಗೇರ್ ಪೆಟ್ಟಿಗೆಯ ಹಿಂದೆ ಕೂಡಿಸಬೇಕು. ಅದರ ಭಾರ ಹೊರಲು ಚಾಸಿಗೆ ಅಡ್ಡಪಟ್ಟಿ ಬೇಕು. ಪೆಟ್ಟಿಗೆ ಜೋತು ಬೀಳಬಾರದು.

ನಾಲ್ಕು: ಹೊಸ ಪೆಟ್ಟಿಗೆ ಜಾಗ ತಿಂದಿತು. ಆದ್ದರಿಂದ ಶಾಫ್ಟ್ ಉದ್ದವಾಯಿತು. ಅಳತೆಗೆ ಸರಿಯಾಗಿ ಕತ್ತರಿಸಿ ಮತ್ತೆ ಬೆಸೆಯಬೇಕು. ಬೆಸೆದ ಮೇಲೆ ಅದರ ತೂಕ ಎಲ್ಲ ಕಡೆ ಸಮ ಇದೆಯೇ ಎಂದು ಯಂತ್ರದ ಮೇಲೆ ತಿರುಗಿಸಿ ನೋಡಬೇಕು. ಇದಕ್ಕೆ ಬ್ಯಾಲೆನ್ಸ್ ಮಾಡುವುದು ಎನ್ನುತ್ತಾರೆ. ಇಡೀ ಕೆಲಸದಲ್ಲಿ ಇದೇ ಮುಖ್ಯ. ಬ್ಯಾಲೆನ್ಸ್ ಇಲ್ಲದ ಶಾಫ್ಟ್ ಗಾಡಿಯನ್ನು ನಡುಗಿಸುತ್ತದೆ. ಓಡುವಾಗ ಮುರಿದು ಬಿದ್ದರೆ ಜೀವಕ್ಕೇ ಅಪಾಯ.

ಐದು: ಗೇರ್ ಹಾಕಲು ಹಿಡಿಕೆ ಅಥವಾ ಸ್ವಿಚ್ ಕೂಡಿಸಬೇಕು. ಪೆಟ್ಟಿಗೆಗೆ ಹೇಳಿದ ಎಣ್ಣೆ, ಹೇಳಿದಷ್ಟೇ ಹಾಕಬೇಕು.

ಆರು: ಖಾಲಿ ಗಾಡಿ ಓಡಿಸಿ ನೋಡಬೇಕು. ನಡುಕ ಇದೆಯೇ? ಕೊರೆಯುವ ಸದ್ದು ಇದೆಯೇ? ಎಣ್ಣೆ ಸೋರುತ್ತಿದೆಯೇ? ಕೆಲವು ದಿನ ಓಡಿದ ಮೇಲೆ ಎಲ್ಲ ನಟ್ಟು-ಬೋಲ್ಟು ಮತ್ತೆ ಬಿಗಿ ಮಾಡಿಸಬೇಕು.

6. ಜೋಪಾನ!

ಇಳಿಜಾರಿನಲ್ಲಿ ಓವರ್‌ಡ್ರೈವ್ ಬೇಡ. ಕೆಳಗಿನ ಗೇರಿನಲ್ಲಿ ಇಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಓವರ್‌ಡ್ರೈವಿನಲ್ಲಿ ಆ ಹಿಡಿತ ಕಡಿಮೆ. ಬರೀ ಬ್ರೇಕ್ ಮೇಲೆ ಘಾಟ್ ಇಳಿದರೆ ಬ್ರೇಕ್ ಕಾದು ಸೋಲುತ್ತದೆ.

ಕೆಲವು ಪೆಟ್ಟಿಗೆಗಳಲ್ಲಿ ಹಿಡಿಕೆ ನಡುವೆ ನಿಂತುಬಿಟ್ಟರೆ ಇಂಜಿನ್ನಿಗೂ ಗಾಲಿಗೂ ಸಂಬಂಧವೇ ತಪ್ಪುತ್ತದೆ. ಇಳಿಜಾರಿನಲ್ಲಿ ಹೀಗಾದರೆ ಗಾಡಿ ಕೈಗೆ ಸಿಗುವುದಿಲ್ಲ. ಗೇರಿನಲ್ಲಿ ನಿಲ್ಲಿಸಿದ ಗಾಡಿಯೂ ಉರುಳಬಹುದು. ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಇಡಿರಿ.

ಎಷ್ಟೋ ಪೆಟ್ಟಿಗೆಗಳಲ್ಲಿ ಓವರ್‌ಡ್ರೈವ್ ಇದ್ದಾಗ ರಿವರ್ಸ್ ಹಾಕಿದರೆ ಒಳಗೆ ಮುರಿಯುತ್ತದೆ. ಮೊದಲು ಅದನ್ನು ತೆಗೆಯಬೇಕು, ಆಮೇಲೆ ಹಿಂದಕ್ಕೆ.

ಮೀಟರ್ ಮೋಸ ಮಾಡಬಹುದು. ಮೀಟರಿನ ಕೇಬಲ್ ಹಳೆಯ ಗೇರ್ ಪೆಟ್ಟಿಗೆಯಿಂದಲೇ ಬಂದರೆ ಅದಕ್ಕೆ ಹೊಸ ಗೇರಿನ ಸುದ್ದಿ ಗೊತ್ತಿರುವುದಿಲ್ಲ. ಗಾಡಿ 50ರ ವೇಗದಲ್ಲಿ ಓಡುತ್ತಿದ್ದರೂ ಮೀಟರ್ 40 ತೋರಿಸುತ್ತದೆ. 100 ಕಿಲೋಮೀಟರ್ ಓಡಿದರೂ 80 ಎಂದು ಬರೆಯುತ್ತದೆ. ಆದ್ದರಿಂದ ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ಓದಿರಿ. ಕಲ್ಲು ಸುಳ್ಳು ಹೇಳುವುದಿಲ್ಲ.

7. ಲೆಕ್ಕ ಹಾಕೋಣ

ಮೊದಲು ಗಾಡಿ ಒಂದು ಲೀಟರಿಗೆ ಎಷ್ಟು ಓಡುತ್ತದೆ ನೋಡೋಣ. ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರಿನ ಅಂಕಿ ಬರೆದಿಡಿ. ಕೆಲವು ದಿನ ಓಡಿಸಿ. ಮತ್ತೆ ಅದೇ ಪಂಪಿನಲ್ಲಿ ಪೂರ್ತಿ ತುಂಬಿಸಿ. ಬಿಲ್ ಇಸಿದುಕೊಳ್ಳಿ.

ಮೊದಲ ಅಂಕಿ: 41,250
ಈಗಿನ ಅಂಕಿ: 41,610
ಓಡಿದ್ದು: 360 ಕಿ.ಮೀ.
ತುಂಬಿಸಿದ ಡೀಸೆಲ್: 30 ಲೀಟರ್
360 ÷ 30 = 12

ಗಾಡಿ ಲೀಟರಿಗೆ 12 ಕಿಲೋಮೀಟರ್ ಓಡುತ್ತದೆ.

ಈಗ ಆ ಮನೆಯ ಲೆಕ್ಕ. ಇಲ್ಲಿಯ ಅಂಕಿಗಳು ಕಲಿಯಲು ಹಿಡಿದವು. ನಿಮ್ಮ ಗಾಡಿಯ ಅಂಕಿ ನೀವು ಹಾಕಿಕೊಳ್ಳಿ.

ಗಾಡಿ ತಿಂಗಳಿಗೆ 2400 ಕಿ.ಮೀ. ಓಡುತ್ತದೆ. ಡೀಸೆಲ್ 200 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿಯೋಣ.

ಮಿಸ್ತ್ರಿಯ ಲೆಕ್ಕ: 200 ಲೀಟರಿಗೆ ನೂರಕ್ಕೆ 20ರಂತೆ 40 ಲೀಟರ್ ಉಳಿತಾಯ.
40 × 90 = 3,600 ರೂಪಾಯಿ.
45,000 ÷ 3,600 = ಹನ್ನೆರಡೂವರೆ ತಿಂಗಳು.

ಸೊಸೆ: ಅತ್ತಿ, ಹೆದ್ದಾರಿಯೊಳಗ ಹಗುರ ಗಾಡಿ ತಿಂಗಳಿಗೆ ಎಷ್ಟು ಓಡತೈತಿ, ಇವರನ್ನ ಕೇಳ್ರಿ.

ಮಗ: ಆರು ನೂರು ಕಿಲೋಮೀಟರ್ ಇರಬೇಕು. ಉಳಿದದ್ದು ಹಳ್ಳಿ ದಾರಿ, ಘಾಟ್, ತುಂಬಿದ ಗಾಡಿ.

ಸೊಸೆ: ಹಂಗಾರ ಆರು ನೂರಕ್ಕಷ್ಟ ಲೆಕ್ಕ ಹಾಕಬೇಕು.

ಸೊಸೆಯ ಲೆಕ್ಕ: 600 ÷ 12 = 50 ಲೀಟರ್.
ನೂರಕ್ಕೆ 8 ಉಳಿಯುತ್ತದೆ ಎಂದು ಹಿಡಿದರೆ 4 ಲೀಟರ್.
4 × 90 = 360 ರೂಪಾಯಿ.
45,000 ÷ 360 = 125 ತಿಂಗಳು.

ತಾಯಿ: ನೂರಾ ಇಪ್ಪತ್ತೈದು ತಿಂಗಳಂದ್ರ ಹತ್ತು ವರ್ಷದ ಮ್ಯಾಲ ಆತಲ್ಲೋ! ಅಷ್ಟರಾಗ ಈ ಗಾಡಿ ಇರತೈತೇನು?

ಮಗ ಏನೂ ಹೇಳಲಿಲ್ಲ. ವಹಿ ಇಸಿದುಕೊಂಡು ಲೆಕ್ಕವನ್ನು ತಾನೂ ಮಾಡಿ ನೋಡಿದ. ಉತ್ತರ ಅದೇ ಬಂತು.

ಓವರ್‌ಡ್ರೈವ್ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಇನ್ನೊಬ್ಬರ ಗಾಡಿ ತಿಂಗಳಿಗೆ 3000 ಕಿ.ಮೀ. ಹೆದ್ದಾರಿಯಲ್ಲೇ ಹಗುರವಾಗಿ ಓಡುತ್ತದೆ ಎಂದುಕೊಳ್ಳಿ. ಅವರಿಗೆ 250 ಲೀಟರಿನಲ್ಲಿ 20 ಲೀಟರ್ ಉಳಿಯುತ್ತದೆ. 1,800 ರೂಪಾಯಿ ಆಯಿತು. 25 ತಿಂಗಳಿಗೆ ಖರ್ಚು ತಿರುಗಿ ಬರುತ್ತದೆ. ವಸ್ತು ಒಂದೇ. ದಾರಿ ಬೇರೆ, ಲೆಕ್ಕ ಬೇರೆ.

8. ಕಾಗದ ಓದೋಣ

ಗಾಡಿಯ ಆರ್.ಸಿ. ತೆಗೆದು ನೋಡಿರಿ. ಚಿಕ್ಕೋಡಿ ಸಾರಿಗೆ ಕಚೇರಿಯ ಗಾಡಿಯಾದರೆ ನಂಬರು ಕೆಎ 23 ಎಂದು ಶುರುವಾಗುತ್ತದೆ. ಮಾಲೀಕರ ಹೆಸರು, ಇಂಜಿನ್ ನಂಬರು, ಚಾಸಿ ನಂಬರು, ಒಟ್ಟು ತೂಕ ಅದರಲ್ಲಿವೆ. ಅಕ್ಷರ ಇಂಗ್ಲಿಷಿನಲ್ಲಿದ್ದರೆ ಬಲ್ಲವರಿಂದ ಓದಿಸಿರಿ. ಅಂಕಿ ನೀವೇ ಓದಿರಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿ ಬದಲಾಯಿಸುವ ಬಗ್ಗೆ ಇದೆ. ಕಂಪನಿ ಮಾಡಿಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಶಿಕ್ಷೆ ಹೇಳಿದೆ. ಕಾಯ್ದೆ ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ. ಶಿಕ್ಷೆ ಯಾರಿಗೆ? ಮಾಲೀಕರಿಗೆ. ಆರ್.ಸಿ.ಯಲ್ಲಿ ನಿಮ್ಮ ಹೆಸರಿದ್ದರೆ ಮಾಲೀಕರು ನೀವು. "ಮಗ ಮಾಡಿಸಿದ, ನನಗೆ ಗೊತ್ತಿಲ್ಲ" ಎಂದರೆ ಜವಾಬ್ದಾರಿ ತಪ್ಪುತ್ತದೆ ಎಂದು ತಿಳಿಯಬೇಡಿರಿ.

ಆದ್ದರಿಂದ ಕೂಡಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ಕೇಳಿರಿ. ಅರ್ಜಿ ಬರೆದು ಕೊಡಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ವಿಮೆ ಕಂಪನಿಗೂ ತಿಳಿಸಿರಿ. ತಿಳಿಸದೆ ಬದಲಾಯಿಸಿದ ಗಾಡಿಗೆ ಅಪಘಾತವಾದರೆ ವಿಮೆ ಹಣಕ್ಕೆ ತಕರಾರು ಬರಬಹುದು. ಸಾಲ ಇದ್ದರೆ ಬ್ಯಾಂಕಿನಲ್ಲೂ ಕೇಳಿರಿ. ಮಿಸ್ತ್ರಿಯಿಂದ ಬಿಲ್ ಮತ್ತು ಗ್ಯಾರಂಟಿ ಚೀಟಿ ಪಡೆಯಿರಿ. ಬಾಯಿಮಾತಿನ ಗ್ಯಾರಂಟಿ ಗ್ಯಾರಂಟಿಯಲ್ಲ.

9. ಕಡಿಮೆ ಖರ್ಚಿನ ದಾರಿ

ಡೀಸೆಲ್ ಉಳಿಸಲು ಮೊದಲು ಇವನ್ನು ಮಾಡಿರಿ. ವಾರಕ್ಕೊಮ್ಮೆ ಗಾಲಿಯ ಗಾಳಿ ನೋಡಿಸಿರಿ. ಗಾಳಿ ಕಡಿಮೆ ಇದ್ದರೆ ಡೀಸೆಲ್ ಹೆಚ್ಚು ಬೇಕು. ಏರ್ ಫಿಲ್ಟರ್ ಧೂಳು ತುಂಬದಂತೆ ನೋಡಿಕೊಳ್ಳಿ. ಕಬ್ಬಿನ ಹಂಗಾಮಿನ ಧೂಳಿನಲ್ಲಿ ಇದು ಬಹಳ ಮುಖ್ಯ. ಬ್ರೇಕ್ ಹಿಡಿದುಕೊಂಡೇ ಇದ್ದರೆ ಸರಿ ಮಾಡಿಸಿರಿ. ಆರ್.ಸಿ.ಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೇರಬೇಡಿರಿ. ಸಂತೆಯಲ್ಲಿ ಗಾಡಿ ನಿಂತಾಗ ಇಂಜಿನ್ ಬಂದ್ ಮಾಡಿರಿ. ಹೆದ್ದಾರಿಯಲ್ಲಿ ಒಂದೇ ಹದದ ವೇಗ ಇರಲಿ.

ಇದಕ್ಕೆಲ್ಲ ಸಾವಿರಾರು ರೂಪಾಯಿ ಸಾಲ ಬೇಡ. ಸಾರಿಗೆ ಕಚೇರಿಯ ಅನುಮತಿಯೂ ಬೇಡ.

ನೆನಪಿಡಿರಿ

ಮೇಲಿನ ಗೇರ್ ಶಕ್ತಿ ಕೊಡುವುದಿಲ್ಲ. ಇಂಜಿನ್ನಿನ ಸುತ್ತು ಕಡಿಮೆ ಮಾಡುತ್ತದೆ.
ಸಪಾಟು ದಾರಿ, ಹಗುರ ಹೊರೆ ಇದ್ದಲ್ಲಿ ಮಾತ್ರ ಲಾಭ.
ಮೊದಲು ಲೆಕ್ಕ, ಆಮೇಲೆ ಅನುಮತಿ, ಕೊನೆಗೆ ಖರ್ಚು.
ಹೆಸರು ನಿಮ್ಮದು, ಸಹಿ ನಿಮ್ಮದು. ಕೇಳುವ ಹಕ್ಕೂ ನಿಮ್ಮದು.

ಹೊಸ ಪದಗಳು: ಓದಿರಿ, ಬರೆಯಿರಿ

ಗೇರ್ – ಹಲ್ಲು – ಸುತ್ತು – ಇಂಜಿನ್ – ಶಾಫ್ಟ್ – ಹೆದ್ದಾರಿ – ಘಾಟ್ – ಉಳಿತಾಯ – ವಿಮೆ – ಮಾಲೀಕರು – ಅನುಮತಿ

ಉತ್ತರ ಹೇಳಿರಿ

1. ಹೊರೆ ಹೊತ್ತು ಏರು ಹತ್ತುವಾಗ ಸಣ್ಣ ಹೆಜ್ಜೆ ಯಾಕೆ ಹಾಕುತ್ತೇವೆ?
2. ಘಾಟ್ ಇಳಿಯುವಾಗ ಓವರ್‌ಡ್ರೈವ್ ಯಾಕೆ ಬೇಡ?
3. ಮಿಸ್ತ್ರಿಯ ಲೆಕ್ಕಕ್ಕೂ ಸೊಸೆಯ ಲೆಕ್ಕಕ್ಕೂ ಏನು ವ್ಯತ್ಯಾಸ?

ಲೆಕ್ಕ ಮಾಡಿರಿ

ಒಂದು ಗಾಡಿ 450 ಕಿ.ಮೀ. ಓಡಿತು. 30 ಲೀಟರ್ ಡೀಸೆಲ್ ಹಿಡಿಯಿತು. ಲೀಟರಿಗೆ ಎಷ್ಟು ಓಡಿತು?

ಮಾಡಿ ನೋಡಿರಿ

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಗಾಡಿ ಇದ್ದರೆ ಅದರ ಆರ್.ಸಿ. ನೋಡಿರಿ. ಅದು ಯಾರ ಹೆಸರಿನಲ್ಲಿದೆ? ನಾಳೆ ಕೇಂದ್ರಕ್ಕೆ ಬಂದು ಎಲ್ಲರಿಗೂ ಹೇಳಿರಿ.